ಬಗಲ ಕೆಳಗಿನ ಬಟ್ಟೆ

ಅಂಗಿ, ಪ್ಯಾಂಟು ಎರಡೂ ಕೂಡಿದ ಒಂದೇ ತುಂಡಿನ ಉಡುಪು ಅಂದರೆ ಆಗಿನ ಗುಲ್ಬರ್ಗದಲ್ಲಿ ಬಾಯ್ಲರ್ ಸೂಟು. ವಾಡಿ, ಶಹಾಬಾದ್ ಕಡೆಯ ಸಿಮೆಂಟ್ ಕಾರ್ಖಾನೆಗಳಿಗೆ ಆಳು ಒದಗಿಸುವ ಗುತ್ತಿಗೆದಾರರು ನೀಲಿ ಡ್ರಿಲ್ ಬಟ್ಟೆಯ ಥಾನು ತಂದು ಬ್ರಹ್ಮಪುರದಲ್ಲಿದ್ದ ಅಪ್ಪನ ಅಂಗಡಿಯಲ್ಲಿ ಹಾಕಿ ಹೋಗುವರು. ತೊಡುವವರ ಮುಖ ನಾವು ನೋಡುತ್ತಿರಲಿಲ್ಲ. ದೊಡ್ಡದು, ನಡುವಿನದು, ಸಣ್ಣದು ಅಂತ ಮೂರೇ ಮಾಪ. ಆ ಮೂರರಲ್ಲೂ ಅಪ್ಪ ಒಂದು ಅಳತೆಗೆ ಮಾತ್ರ ಹಟ ಹಿಡಿಯುತ್ತಿದ್ದ. ಭುಜದ ಮೇಲಿಂದ ಟೇಪು ಇಳಿದು ಎದೆ, ಹೊಟ್ಟೆ ದಾಟಿ, ಕಾಲಸಂದಿಯಿಂದ ಹಿಂದೆ ಹೋಗಿ, ಬೆನ್ನೇರಿ ಮತ್ತೆ ಅದೇ ಭುಜಕ್ಕೆ ಬರಬೇಕು. ಅಂಗಿ ಬೇರೆ, ಪ್ಯಾಂಟು ಬೇರೆ ಇದ್ದರೆ ಕೈ ಎತ್ತಿದಾಗ ಅಂಗಿ ಮೇಲೆ ಸರಿಯುತ್ತದೆ, ಅಷ್ಟೇ. ಒಂದೇ ತುಂಡಾದರೆ ಕೈ ಎತ್ತಿದವನ ತೊಡೆಸಂದಿಯನ್ನೇ ಹಿಡಿದು ಎಳೆಯುತ್ತದೆ. ಬಟ್ಟೆ ಉಳಿಸಲು ಎರಡು ಇಂಚು ಕಡಿಮೆ ಮಾಡೆಂದು ಗುತ್ತಿಗೆದಾರ ಹೇಳಿದರೆ ಅಪ್ಪ ಒಪ್ಪುತ್ತಿರಲಿಲ್ಲ. "ಅಂವ ಮ್ಯಾಲ ಕೈ ಎತ್ತಿ ಕೆಲಸ ಮಾಡಾಂವ ಅದಾನ್ರಿ, ಕೈ ಕಟ್ಟಿ ನಿಂದ್ರಾಂವಲ್ಲ" ಎನ್ನುತ್ತಿದ್ದ.

ಹೊಲಿಗೆ ನನಗೆ ಬಂತು, ರುಚಿಸಲಿಲ್ಲ. ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಮದುವೆ ವಿಡಿಯೊ ತೆಗೆಯುವ ಕೆಲಸಕ್ಕೆ ಬಿದ್ದೆ. ವಿಎಚ್‌ಎಸ್ ಕಾಲ. ಮೊದಮೊದಲು ಕ್ಯಾಮೆರಾ ಬೇರೆ, ರೆಕಾರ್ಡರ್ ಬೇರೆ, ಎರಡರ ನಡುವೆ ದಪ್ಪ ಕೇಬಲ್ಲು. ಒಂದು ಹೆಗಲ ಮೇಲೆ ಕ್ಯಾಮೆರಾ, ಇನ್ನೊಂದು ಹೆಗಲಿನಿಂದ ನೇತಾಡುವ ಚೀಲದಲ್ಲಿ ರೆಕಾರ್ಡರ್. ಬೆನ್ನ ಹಿಂದೆ ಸಾವಿರ ವ್ಯಾಟಿನ ಹ್ಯಾಲೊಜನ್ ಹಿಡಿದ ಹುಡುಗ. ಆಮೇಲೆ ಕ್ಯಾಸೆಟ್ಟನ್ನು ಹೊಟ್ಟೆಯಲ್ಲೇ ಇಟ್ಟುಕೊಂಡ ಪ್ಯಾನಾಸೋನಿಕ್‌ನ ದೊಡ್ಡ ಕ್ಯಾಮೆರಾಗಳು ಬಂದವು. ಭಾರ ಇಳಿಯಿತು, ಬೆವರು ಇಳಿಯಲಿಲ್ಲ.

ಈ ಕೆಲಸಕ್ಕೆ ಏನು ಹಾಕಿಕೊಂಡು ಹೋಗಬೇಕು ಅನ್ನುವುದು ಆಗ ಸಣ್ಣ ಪ್ರಶ್ನೆಯಾಗಿರಲಿಲ್ಲ. ಬಿಳಿ ಅಂಗಿ ಆಗದು: ಸುರಗಿಯ ಹೊತ್ತಿಗೆ ಯಾರಾದರೂ ಅರಿಶಿನದ ಕೈ ಒರೆಸುತ್ತಾರೆ, ಅದೂ ಅಲ್ಲದೆ ಹ್ಯಾಲೊಜನ್ ಬೆಳಕು ಅಂಗಿಗೆ ಬಡಿದು ಮದುಮಗಳ ಮುಖದ ಒಂದು ಪಕ್ಕ ಸುಣ್ಣ ಬಳಿದಂತಾಗುತ್ತದೆ. ಕಪ್ಪು ಹಾಕಿದರೆ ಮೇ ತಿಂಗಳ 43 ಡಿಗ್ರಿಯಲ್ಲಿ ಮಧ್ಯಾಹ್ನದ ಅಕ್ಷತೆಯವರೆಗೂ ನಿಲ್ಲಲಾಗದು. ಬರೀ ಪಾಲಿಯೆಸ್ಟರ್ ಆದರೆ ದೀಪದ ಕಾವಿಗೆ ಬೆನ್ನಿಗೇ ಅಂಟುತ್ತದೆ. ಬರೀ ಹತ್ತಿಯಾದರೆ ಬ್ಯಾಟರಿ, ಕ್ಯಾಸೆಟ್ ತುಂಬಿದ ಜೇಬು ಮೊಣಕಾಲಿನ ತನಕ ಜೋಲುತ್ತದೆ. ಕೊನೆಗೆ ಅಪ್ಪ ತಿಳಿ ಕಂದು ಬಣ್ಣದ ಟೆರಿಕಾಟಿನಲ್ಲಿ ನಾಲ್ಕು ಜೇಬಿನ ಸಫಾರಿ ಹೊಲಿದುಕೊಟ್ಟ. ಬಲಗೈ ದಿನವಿಡೀ ಎತ್ತಿಯೇ ಇರುತ್ತದೆಂದು ಬಗಲಿಗೆ ಚೌಕಾಕಾರದ ಒಂದು ತುಂಡು ಕೂಡಿಸಿದ. ಎಡಗಡೆಗೆ ಕೂಡಿಸಲಿಲ್ಲ, ಅಲ್ಲಿ ಬೇಕಿರಲಿಲ್ಲ. ಹಾಗಾಗಿ ನನ್ನ ಸಫಾರಿಗಳೆಲ್ಲ ನೇತುಹಾಕಿದರೆ ಒಂದು ಪಕ್ಕಕ್ಕೆ ವಾಲುತ್ತಿದ್ದವು.

ಸಫಾರಿಗೆ ಇನ್ನೊಂದು ಉಪಯೋಗವೂ ಇತ್ತು. ಬುಷ್ ಶರ್ಟಿನ ವಿಡಿಯೊದವನಿಗೆ ಕೊನೆಯ ಪಂಕ್ತಿಯಲ್ಲಿ ಊಟ, ಸಫಾರಿಯವನಿಗೆ ಮೊದಲ ಪಂಕ್ತಿ. ಕಮಲಾಪುರದ ಒಂದು ಮದುವೆಯಲ್ಲಿ ಹಿರಿಯರೊಬ್ಬರು ಬಸ್ಸಿನಿಂದ ಇಳಿದವನನ್ನು ತಡೆದು, "ಸಾಹೇಬ್ರು ಯಾವ ಇಲಾಖೀಯವ್ರು?" ಎಂದು ಕೇಳಿದ್ದರು. ಹುಮನಾಬಾದ್ ರಸ್ತೆಯ ಆ ಊರು ಆಗ ಗುಲ್ಬರ್ಗ ತಾಲ್ಲೂಕಿಗೆ ಸೇರಿತ್ತು. ಮಹಾಗಾಂವ್ ಕ್ರಾಸ್ ದಾಟಿ, ಬಸ್ಸಿನ ಬಾಗಿಲಲ್ಲಿ ಕ್ಯಾಮೆರಾ ಪೆಟ್ಟಿಗೆಯನ್ನು ಕಾಲಸಂದಿಯಲ್ಲಿ ಹಿಡಿದು ನಿಂತೇ ಹೋಗಬೇಕಿತ್ತು. ಹಂದರದ ಬಾಗಿಲಿಗೆ ಅಲ್ಲಿನ ಕೆಂಪು ಬಾಳೆಯ ಗಿಡ ಕಟ್ಟಿರುತ್ತಿದ್ದರು. ಆ ಬಾಳೆಗೆ ಈಗ ಭೌಗೋಳಿಕ ಗುರುತಿನ ಪಟ್ಟ ಇದೆ, ಆಗ ಅದು ವಿಡಿಯೊದಲ್ಲಿ ಕಂದು ಬಣ್ಣಕ್ಕೆ ತಿರುಗಿ ನನ್ನ ಸಫಾರಿಯ ಹಾಗೇ ಕಾಣುತ್ತಿತ್ತು. ತೊಂಬತ್ತರ ದಶಕದ ಕೊನೆಗೆ ಬೀದರಿನಿಂದ ಸೂರ್ಯಕಿರಣ್ ತಂಡದ ವಿಮಾನಗಳು ಹಾರಲು ಶುರುವಾದವು. 1996ರಲ್ಲಿ ಅಲ್ಲಿನ ವಾಯುನೆಲೆಯಲ್ಲೇ ಆ ತಂಡ ಹುಟ್ಟಿದ್ದು. ತಾಳಿ ಕಟ್ಟುವ ಹೊತ್ತಿಗೆ ಅವು ಆ ಕಡೆ ಬಂದರೆ ಮಂಗಳಾಷ್ಟಕ ಕೇಳುತ್ತಿರಲಿಲ್ಲ, ಜನ ವಧೂವರರನ್ನು ಬಿಟ್ಟು ಮೇಲೆ ನೋಡುತ್ತಿದ್ದರು. ಆಕಾಶದ ಜತೆ ನನ್ನ ಕಸುಬಿಗಿದ್ದ ಸಂಬಂಧ ಅಷ್ಟೇ.

ಅದು ಬೆಳೆದದ್ದು ತಂಗಿಯ ಮಗನಿಂದ. ಅವನು ಅಮೆರಿಕದ ಅರಿಜೋನಾದಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಶನಿವಾರ, ಭಾನುವಾರ ಫೀನಿಕ್ಸ್, ಟೂಸಾನ್ ನಡುವಿನ ಎಲೊಯ್ ಎಂಬ ಸಣ್ಣ ಊರಿಗೆ ಹೋಗಿ ವಿಮಾನದಿಂದ ಜಿಗಿಯುತ್ತಾನೆ. ಆ ಊರು ಈ ಆಟದವರಿಗೆ ಕ್ಷೇತ್ರವಿದ್ದಂತೆ. ಬೇಸಿಗೆಯಲ್ಲಿ ನೆಲದ ಮೇಲೆ ನಮ್ಮ ಕಲಬುರಗಿಯದೇ ಬಿಸಿಲು. ಹದಿಮೂರು ಸಾವಿರ ಅಡಿಗೆ ಏರಿದರೆ ಸಾವಿರ ಅಡಿಗೆ ಸುಮಾರು ಎರಡು ಡಿಗ್ರಿಯಂತೆ ಇಳಿದು ಸ್ವೆಟರ್ ಬೇಕೆನಿಸುತ್ತದಂತೆ. ಒಂದು ದಿನ ಫೋನಿನಲ್ಲಿ ಕೇಳಿದ: "ಮಾಮಾ, ನಿಮ್ಮ ಸಫಾರಿ ಬಗಲಾಗ ಒಂದು ತುಂಡು ಇರ್ತಿತ್ತಲ್ಲ, ಅಂಥಾದ್ದೊಂದು ಹೊಲಿಸಬೇಕಾಗ್ಯದ. ಸ್ವಲ್ಪ ದೊಡ್ಡದು."

"ಎಷ್ಟು ದೊಡ್ಡದು?"

"ಮುಂಗೈಯಿಂದ ನಡುತನಕ."

"ಹಕ್ಕಿ ಆಗಾಂವ ಏನು?"

"ಇಲ್ರಿ ಮಾಮಾ, ಕ್ಯಾಮೆರಾಮನ್."

ವಿಷಯ ಹೀಗೆ. ನಾಲ್ವರ ತಂಡ ವಿಮಾನದಿಂದ ಹೊರಬಿದ್ದು, ಪ್ಯಾರಾಚೂಟ್ ಬಿಚ್ಚುವ ಮುನ್ನ ಒಬ್ಬರ ಕೈಕಾಲು ಒಬ್ಬರು ಹಿಡಿದು ಒಂದರ ಹಿಂದೊಂದು ಆಕೃತಿ ಕಟ್ಟಬೇಕು. ಸ್ಪರ್ಧೆಯಲ್ಲಿ ಅದಕ್ಕೆ ಸಿಗುವುದು 35 ಸೆಕೆಂಡು. ತೀರ್ಪುಗಾರರು ನೆಲದ ಮೇಲೆ ಕೂತು ವಿಡಿಯೊ ನೋಡಿ ಎಣಿಸುತ್ತಾರೆ, ಹಾಗಾಗಿ ಐದನೆಯವನೊಬ್ಬ ಅವರ ಮೇಲ್ಗಡೆ ಬೀಳುತ್ತ ಎಲ್ಲ ಹಿಡಿತಗಳೂ ಕಾಣುವಂತೆ ಚಿತ್ರ ತೆಗೆಯಬೇಕು. ಕ್ಯಾಮೆರಾ ಹೆಲ್ಮೆಟ್ಟಿನ ಮೇಲೆ, ಕಣ್ಣ ಮುಂದೆ ಗುರಿ ನೋಡುವ ಸಣ್ಣ ಬಳೆ. ಸ್ಟಿಲ್ ಚಿತ್ರ ಬೇಕಾದರೆ ಬಾಯೊಳಗಿನ ಸ್ವಿಚ್ಚನ್ನು ಕಚ್ಚುವುದು, ಇಲ್ಲವೇ ನಾಲಿಗೆಯಿಂದ ಒತ್ತುವುದು. ಕೈಗಳಿಗೆ ಬೇರೆ ಕೆಲಸ ಇದೆ, ಅವು ಹಾರಬೇಕು.

ಹಾರುವುದೆಂದರೆ ಇಲ್ಲಿ ನಿಧಾನವಾಗಿ ಬೀಳುವುದು. ಹೊಟ್ಟೆ ಕೆಳಗೆ ಮಾಡಿ ಬೀಳುವ ಮನುಷ್ಯನ ವೇಗ ಗಂಟೆಗೆ ಸುಮಾರು 190 ಕಿಲೋಮೀಟರಿಗೆ ಬಂದು ನಿಲ್ಲುತ್ತದೆ. ತೂಕ ಹೆಚ್ಚಿದರೆ ಆ ವೇಗ ಹೆಚ್ಚು, ಗಾಳಿಗೆ ಒಡ್ಡಿದ ಮೈ ಹೆಚ್ಚಿದರೆ ಕಡಿಮೆ. ನಮ್ಮ ಅಳಿಯ ತಂಡದ ನಾಲ್ವರಿಗಿಂತ ಭಾರ. ತಂಗಿ ಕಳಿಸುವ ಶೇಂಗಾ ಹೋಳಿಗೆಯ ಪಾಲೂ ಅದರಲ್ಲಿದೆ. ಅವರಿಗಿಂತ ಐದನೇ ಒಂದು ಭಾಗ ಭಾರ ಹೆಚ್ಚಿದ್ದರೆ ವೇಗ ಸುಮಾರು ಹತ್ತನೇ ಒಂದು ಭಾಗ ಏರುತ್ತದೆ: 190ರ ಬದಲು 208. ಹತ್ತು ಸೆಕೆಂಡಿನಲ್ಲಿ ಅವನು ಐವತ್ತು ಮೀಟರ್ ಕೆಳಗಿರುತ್ತಾನೆ. ಕ್ಯಾಮೆರಾಕ್ಕೆ ಆಗ ಸಿಗುವುದು ನೀಲಿ ಆಕಾಶ. ತೂಕ ಇಳಿಸಬಹುದಿತ್ತು, ಅದನ್ನು ಹೇಳಿ ನೋಡಿದೆವು. ಉಳಿದ ದಾರಿ ಬಟ್ಟೆ. ತೋಳಿನಿಂದ ಸೊಂಟಕ್ಕೆ ಬಟ್ಟೆ ಕಟ್ಟಿಕೊಂಡು, ಕೈ ಚಾಚಿದರೆ ಅದು ಗಾಳಿ ಹಿಡಿಯಬೇಕು, ಮಡಚಿದರೆ ಬಿಡಬೇಕು. ತಂಡದವರ ಸೂಟು ಮೈಗೆ ಬಿಗಿ, ಒಬ್ಬರನ್ನೊಬ್ಬರು ಹಿಡಿಯಲು ತೋಳು, ತೊಡೆಗಳಲ್ಲಿ ದಪ್ಪ ಹಿಡಿಕೆ ಹೊಲಿದಿರುತ್ತದೆ. ಕ್ಯಾಮೆರಾದವನನ್ನು ಯಾರೂ ಹಿಡಿಯುವುದಿಲ್ಲ, ಅವನಿಗೆ ಹಿಡಿಕೆ ಬೇಡ.

ಇದನ್ನು ಕೇಳಿದಾಗ ನನಗೆ ಹೊಸದೇನೂ ಅನಿಸಲಿಲ್ಲ. ಚಿತ್ರ ತೆಗೆಯುವವನ ಬಟ್ಟೆಯನ್ನು ಆರಿಸುವವರು ಚಿತ್ರದಲ್ಲಿರುವವರು. ಹಂದರದಲ್ಲಿ ಅರಿಶಿನದ ಕೈ, ಮದುಮಗಳ ಮುಖದ ಬೆಳಕು, ಬೀಗರ ಪಂಕ್ತಿ ನನ್ನ ಸಫಾರಿಯನ್ನು ಆರಿಸಿದ್ದವು. ಅಲ್ಲಿ ನಾಲ್ವರ ತೂಕ ಅವನ ರೆಕ್ಕೆಯ ಅಗಲವನ್ನು ಆರಿಸುತ್ತಿತ್ತು. ತನಗೆ ಚಂದ ಕಾಣುವುದು ಎರಡೂ ಕಡೆ ಲೆಕ್ಕಕ್ಕಿಲ್ಲ.

ಈ ಉಡುಪಿಗೂ ಒಂದು ಆಗ-ಈಗ ಇದೆ. ಮೊದಲಿಗೆ ಜಿಗಿಯುವವರು ತೊಡುತ್ತಿದ್ದದ್ದು ಸೈನ್ಯದವರು ಬಿಟ್ಟ ಓವರಾಲು, ಅಂದರೆ ಹೆಚ್ಚುಕಡಿಮೆ ನಮ್ಮ ಬಾಯ್ಲರ್ ಸೂಟು. ಎಪ್ಪತ್ತರ ದಶಕದಲ್ಲಿ ಗುಲ್ಬರ್ಗದ ಕಾಲೇಜು ಹುಡುಗರು ರಸ್ತೆ ಗುಡಿಸುವ ಬೆಲ್‌ಬಾಟಮ್ ಹೊಲಿಸುತ್ತಿದ್ದಾಗ ಅಮೆರಿಕದ ಆಕಾಶದಲ್ಲೂ ಬೆಲ್‌ಬಾಟಮ್ಮೇ: ಗಾಳಿ ತುಂಬಿ ಬಲೂನಾಗುವ ಕಾಲು, ಜೋಲುವ ತೋಳು. ಹುಡುಗರಿಗೆ ಅದು ಷೋಕಿ, ಜಿಗಿಯುವವರಿಗೆ ಬ್ರೇಕು. ಎಂಬತ್ತರಲ್ಲಿ ಎರಡೂ ಕಡೆ ಕಾಲು ಬಿಗಿಯಾಯಿತು. ಆಕಾಶದ ಚಿತ್ರಣಕ್ಕೆ ಹಿರಿಯನೆಂದರೆ ಕಾರ್ಲ್ ಬೋನಿಶ್. 1969ರ 'ದ ಜಿಪ್ಸಿ ಮಾತ್ಸ್' ಚಿತ್ರಕ್ಕೆ ಬೀಳುತ್ತ ಚಿತ್ರೀಕರಿಸಿದವನು. ಹೆಲ್ಮೆಟ್ಟಿಗೆ ಫಿಲ್ಮ್ ಕ್ಯಾಮೆರಾ ಬಿಗಿದುಕೊಂಡು ಪ್ಯಾರಾಚೂಟ್ ಬಿಚ್ಚುವ ಜಗ್ಗನ್ನು ಕತ್ತಿನಲ್ಲಿ ತಡೆಯಬೇಕಿದ್ದ ಕಾಲ ಅದು. 1984ರ ಜುಲೈಯಲ್ಲಿ ನಾರ್ವೆಯ ಬಂಡೆಯೊಂದರಿಂದ ಜಿಗಿದು ಸತ್ತ.

1988ರ ಏಪ್ರಿಲ್‌ನದು ಇನ್ನೊಂದು ಸಂಗತಿ, ವಿಎಚ್‌ಎಸ್ ಕಾಲದವನಿಗೆ ಮಾತ್ರ ಪೂರ್ತಿ ಅರ್ಥವಾಗುವಂಥದ್ದು. ನಾರ್ತ್ ಕೆರೊಲಿನಾದಲ್ಲಿ ಅನುಭವಸ್ಥ ಜಿಗಿತಗಾರನೊಬ್ಬ ಇಬ್ಬರು ಜಿಗಿಯುವುದನ್ನು ಚಿತ್ರೀಕರಿಸುತ್ತ ಹಿಂದೆಯೇ ಹೊರಬಿದ್ದ. ಪ್ಯಾರಾಚೂಟ್ ಕಟ್ಟಿಕೊಂಡಿರಲಿಲ್ಲ. ಮೈಮೇಲೆ ಹೊತ್ತಿದ್ದ ವಿಡಿಯೊ ಸಾಮಾನಿನ ಭಾರವನ್ನೇ ಪ್ಯಾರಾಚೂಟಿನ ಭಾರವೆಂದು ಮೈ ನಂಬಿರಬೇಕು ಎಂದು ಜನ ಊಹಿಸಿದರು. ಅಳಿಯನ ತಲೆಮಾರಿನವರಿಗೆ ಇದು ವಿಚಿತ್ರ ಕಥೆ, ಅವರ ಕ್ಯಾಮೆರಾ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ರೆಕಾರ್ಡರಿನ ಪಟ್ಟಿ ಹೆಗಲಿಗೆ ಬಿದ್ದ ಮೇಲೆ ಇನ್ನೇನು ಹೊತ್ತಿದ್ದೇನೆಂದು ಮರೆಯುವುದು ನನಗೆ ವಿಚಿತ್ರವಲ್ಲ. ಕ್ಯಾಮೆರಾ ಸಣ್ಣದಾದ ಮೇಲೆ ಬೇರೆ ತಾಪತ್ರಯ ಶುರುವಾಗಿದೆ: ನಿನ್ನೆ ಮೊನ್ನೆ ಕಲಿತವರೂ ಹೆಲ್ಮೆಟ್ಟಿಗೆ ಒಂದನ್ನು ಅಂಟಿಸಿಕೊಳ್ಳುತ್ತಾರೆ. ಕನಿಷ್ಠ 200 ಜಿಗಿತ ಆಗುವ ತನಕ ಕ್ಯಾಮೆರಾ ಬೇಡ ಎಂದು ಅಮೆರಿಕದ ಪ್ಯಾರಾಚೂಟ್ ಸಂಘದ ಶಿಫಾರಸು. ಅಳಿಯ ಅಷ್ಟನ್ನು ಮುಗಿಸಿದ ಮೇಲೇ ನನಗೆ ಫೋನ್ ಮಾಡಿದ್ದ, ತಾಯಿಗೆ ಹೇಳಿರಲಿಲ್ಲ.

ನಮ್ಮ ರಾಜ್ಯದಲ್ಲಿ ಜಿಗಿತ ಅಂದರೆ ಮೈಸೂರು. ಚಾಮುಂಡಿ ಬೆಟ್ಟದ ಆಸುಪಾಸಿನಲ್ಲಿ ಹಣ ಕೊಟ್ಟು ಜಿಗಿಯುವ ಶಿಬಿರಗಳು ನಡೆದಿವೆ, ದಸರೆಯ ವಿಮಾನ ಪ್ರದರ್ಶನದಲ್ಲಿ ವಾಯುಪಡೆಯ ಆಕಾಶಗಂಗಾ ತಂಡ ಬನ್ನಿಮಂಟಪದಲ್ಲಿ ಇಳಿದದ್ದೂ ಉಂಟು. 1987ರಲ್ಲಿ ಕಟ್ಟಿದ ತಂಡ ಅದು. ಕಲಬುರಗಿಯಲ್ಲಿ ಯಾರೂ ಜಿಗಿದದ್ದನ್ನು ನಾನು ಕಂಡಿಲ್ಲ. 2019ರ ನವೆಂಬರಿನಲ್ಲಿ ಸೇಡಂ ರಸ್ತೆಯ ಸರಡಗಿ ಹತ್ತಿರ ವಿಮಾನ ನಿಲ್ದಾಣ ಶುರುವಾಯಿತು. ಮೂರು ಕಿಲೋಮೀಟರಿಗೂ ಉದ್ದದ ರನ್‌ವೇ ಇದೆ, ಪೈಲಟ್ ತರಬೇತಿಯ ಸಣ್ಣ ವಿಮಾನಗಳು ಹಾರುತ್ತವೆ. ಅವುಗಳ ಬಾಗಿಲು ಹಾಕಿಯೇ ಇರುತ್ತದೆ.

ಸೂಟಿನ ಬಟ್ಟೆಗೆ ಸೂಪರ್ ಮಾರ್ಕೆಟಿಗೆ ಹೋದೆವು. ಅಳಿಯ ಮದುವೆಯೊಂದಕ್ಕೆ ರಜೆ ಹಾಕಿ ಬಂದಿದ್ದ. ನುಣುಪು ನೈಲಾನ್ ಗಾಳಿಯಲ್ಲಿ ಜಾರುತ್ತದೆ, ಜಾರಿದರೆ ವೇಗ. ಮೈಭಾಗಕ್ಕೆ ಬೇಕಾದದ್ದು ಗಾಳಿಗೆ ಉಜ್ಜಿ ತಡೆಯುವ ಪಾಲಿಯೆಸ್ಟರ್-ಹತ್ತಿ ಬೆರಕೆ. ಅಂಗಡಿಯವನ ಮುಂದೆ ಅವನು ಅದನ್ನು ವಿವರಿಸಲು ಒದ್ದಾಡುತ್ತಿದ್ದ. "ಟೆರಿಕಾಟ್ ಕೊಡ್ರಿ, ದಪ್ಪಂದು" ಎಂದೆ. ರೆಕ್ಕೆಗೆ ಬೇರೆ ಬಟ್ಟೆ ಬೇಕಿತ್ತು, ಗಾಳಿ ತೂರದಷ್ಟು ಒತ್ತಾದ ನೇಯ್ಗೆ. ಅದನ್ನು ಅಳಿಯ ಅಲ್ಲಿಂದಲೇ ತಂದಿದ್ದ. ಬಣ್ಣದ ವಿಷಯದಲ್ಲಿ ನಾನು ಕಂದು ಎಂದೆ, ರೂಢಿಯಿಂದ. ಅವನು ಕಿತ್ತಳೆ ತೆಗೆದುಕೊಂಡ. ಹಂದರದಲ್ಲಿ ವಿಡಿಯೊದವನು ಕಾಣದಿರುವುದು ಒಳ್ಳೆಯದು, ಆಕಾಶದಲ್ಲಿ ಅವನು ಎಲ್ಲಿದ್ದಾನೆಂದು ಉಳಿದವರಿಗೆ ಕಾಣಲೇಬೇಕು.

ಹೊಲಿಯಲು ಅಪ್ಪನ ಜತೆ ಕತ್ತರಿ ಹಿಡಿದಿದ್ದ ಮಾಸ್ಟರರೇ ಬೇಕೆಂದು ನನ್ನ ಹಟ. ಅವರು ಅಂಗಡಿ ಮುಚ್ಚಿದ ಮೇಲೆ ಕಮಲಾಪುರದ ಮಗಳ ಮನೆಯಲ್ಲಿದ್ದಾರೆ, ಮಷಿನ್ ಜತೆಗೆ ಒಯ್ದಿದ್ದಾರೆ. ಕಮಲಾಪುರ ಈಗ ತಾಲ್ಲೂಕು ಕೇಂದ್ರ, ಬೀದರ್ ರೈಲಿನಲ್ಲೇ ಹೋಗಬಹುದು. ಆ ಮಾರ್ಗಕ್ಕಾಗಿ ನನ್ನ ಗಿರಾಕಿಗಳ ಒಂದು ತಲೆಮಾರು ಕಾದಿತ್ತು. 2017ರ ಅಕ್ಟೋಬರಿನಲ್ಲಿ ಕೊನೆಗೂ ತೆರೆಯಿತು. ರೈಲಿನಲ್ಲಿ ನಮ್ಮೆದುರು ಮದುವೆಗೆ ಹೊರಟ ವಿಡಿಯೊ ಹುಡುಗರ ಗುಂಪೊಂದು ಕೂತಿತ್ತು. ಎಲ್ಲರೂ ಕಪ್ಪು ಟೀ ಶರ್ಟು, ಬೆನ್ನ ಮೇಲೆ ಸ್ಟುಡಿಯೊ ಹೆಸರು. ಹ್ಯಾಲೊಜನ್ ಹೋಯಿತು, ಹಾಲು ಎಸಿ ಆಯಿತು, ಕಪ್ಪಿಗೆ ಅಡ್ಡಿ ಉಳಿಯಲಿಲ್ಲ. ಬ್ಯಾಟರಿ, ಕಾರ್ಡುಗಳಿಗೆ ಸೊಂಟದ ಚೀಲ. ಮೇಲಿನಿಂದ ತೆಗೆಯಲು ಡ್ರೋನ್ ಇದೆ, ವಿಮಾನ ನಿಲ್ದಾಣದ ಹತ್ತಿರವಾದರೆ ಅನುಮತಿ ಬೇಕು. ಕೆಲವು ಮನೆಯವರು ವಿಡಿಯೊದವರಿಗೂ ಮದುವೆಯ ಬಣ್ಣಕ್ಕೆ ಹೊಂದುವ ಕುರ್ತಾ ಹಾಕಿ ಬನ್ನಿ ಅನ್ನುತ್ತಾರಂತೆ. ಊಟ ಯಾವ ಪಂಕ್ತಿಯಲ್ಲಿ ಎಂದು ಕೇಳಿದೆ. ಬಫೆ ಅಂದರು.

ಮಾಸ್ಟರ್ ಅಳಿಯನನ್ನು ನಿಲ್ಲಿಸಿ ಅಳತೆ ತೆಗೆಯಲು ಹೋದರು. "ನಿಂತಲ್ಲ ಕಾಕಾ, ಮಲಗಿದ್ದು" ಎಂದು ಅವನು ಕತ್ತರಿಸುವ ಮೇಜಿನ ಮೇಲೆ ಬೋರಲು ಮಲಗಿ, ಕೈಕಾಲು ಚಾಚಿ, ಎದೆ-ತೊಡೆ ಎತ್ತಿ ಬಿಲ್ಲಾದ. ಬೀಳುವಾಗಿನ ಭಂಗಿ ಅದು. ಹಾಗೆ ಬಾಗಿದಾಗ ಮುಂಭಾಗ ಉದ್ದವಾಗುತ್ತದೆ, ಬೆನ್ನು ಗಿಡ್ಡವಾಗುತ್ತದೆ. ಮಾಸ್ಟರ್ ಹೇಳಿಸಿಕೊಳ್ಳಲಿಲ್ಲ. ಭುಜದಿಂದ ಕಾಲಸಂದಿ ದಾಟಿ ಭುಜಕ್ಕೆ ಟೇಪು ಸುತ್ತಿ, ಎದೆಯ ಕಡೆ ಮೂರು ಇಂಚು ಬಿಟ್ಟು ಚಾಕ್ ಎಳೆದರು.

ಚರ್ಚೆ ನಡೆದದ್ದು ರೆಕ್ಕೆಯ ಬಗ್ಗೆ. ಮಾಸ್ಟರಿಗೆ ಅದು ಪಾದದ ತನಕ ಇಳಿದರೆ ಚಂದ ಎನಿಸಿತ್ತು. ಅಳಿಯ ತನ್ನ ಬೆನ್ನಚೀಲ ಏರಿಸಿಕೊಂಡು ಅದಕ್ಕೆ ಟೇಪಿನ ತುಂಡು ಅಂಟಿಸಿ ತೋರಿಸಿದ. ಮುಖ್ಯ ಪ್ಯಾರಾಚೂಟ್ ಬಿಚ್ಚುವ ಹಿಡಿ ಬಲಗಡೆ ಚೀಲದ ತಳದಲ್ಲಿ. ಅದು ಕೆಟ್ಟರೆ ಕಳಚುವ ಹಿಡಿ ಎದೆಯ ಬಲಕ್ಕೆ, ಮೀಸಲು ಪ್ಯಾರಾಚೂಟಿನದು ಎಡಕ್ಕೆ. ರೆಕ್ಕೆ ಗಾಳಿ ತುಂಬಿ ನಿಂತಾಗಲೂ ಕಣ್ಣುಮುಚ್ಚಿ ಕೈ ಈ ಮೂರಕ್ಕೂ ಹೋಗಬೇಕು. ಬಟ್ಟೆ ಹಿಡಿಯ ಮೇಲೆ ಮಡಚಿ ಬಿದ್ದರೆ ಕೈಗೆ ಸಿಗುವುದು ಬಟ್ಟೆ. ಇನ್ನೊಂದು, ರೆಕ್ಕೆ ದೊಡ್ಡದಾದಷ್ಟೂ ಒಳ್ಳೆಯದೆಂದೇನಿಲ್ಲ. ತೀರ ನಿಧಾನವಾದರೆ ತಂಡ ಕೆಳಗೆ ಜಾರಿಹೋಗುತ್ತದೆ, ಬಲು ಅಗಲವಾದರೆ ಒಂದು ನಿಮಿಷದ ಬೀಳುವಿಕೆಯಲ್ಲೇ ಭುಜ ಸೋಲುತ್ತದೆ. ತಂಡದ ನೆತ್ತಿಯ ಮೇಲೆ ತೀರ ಹತ್ತಿರ ಬಂದರೆ ಯಾವ ರೆಕ್ಕೆಯೂ ಉಳಿಸುವುದಿಲ್ಲ. ನಾಲ್ವರ ಮೈ ಗಾಳಿಯನ್ನು ತಡೆದು ಅವರ ಬೆನ್ನ ಮೇಲೆ ಪೊಳ್ಳು ಮಾಡಿರುತ್ತದೆ, ಅಲ್ಲಿಗೆ ಹೋದವನು ಕಲ್ಲಿನಂತೆ ಅವರ ಮೇಲೇ ಬೀಳುತ್ತಾನೆ.

ಮಾಸ್ಟರ್ ಎಲ್ಲ ಕೇಳಿ, "ರೆಕ್ಕಿ ಹರದ್ರ ಹುಡುಗ ಬೀಳ್ತಾನೇನ್ರೀ?" ಎಂದು ನನ್ನನ್ನು ಕೇಳಿದರು.

"ಅಂವ ಹೆಂಗೂ ಬೀಳಾಂವನೇ ಮಾಸ್ಟರ್. ಪ್ಯಾರಾಚೂಟ್ ಬ್ಯಾರೆ ಅದ."

ಆಮೇಲೆ ಕೆಲಸ ಸಲೀಸಾಯಿತು. ರೆಕ್ಕೆ ಮೊಣಕೈಯಿಂದ ಸ್ವಲ್ಪ ಕೆಳಗೆ ಶುರುವಾಗಿ ಸೊಂಟದ ಎಲುಬಿನ ಮೇಲೇ ನಿಂತಿತು. ಮುಂಗೈ ಬಿಗಿ, ಮೊಣಕಾಲಿಗೆ, ಕುಂಡಿಗೆ ದಪ್ಪ ಬಟ್ಟೆಯ ಜೋಡು ಪದರ, ಇಳಿಯುವಾಗ ನೆಲಕ್ಕೆ ಉಜ್ಜುವುದು ಅವೇ. ರೆಕ್ಕೆಯ ಅಂಚಿಗೆ ಮಾಸ್ಟರ್ ಮೂರು ಸಾಲು ಹೊಲಿಗೆ ಹಾಕಿದರು. ಒಂದೇ ಸಾಕು ಎಂದಿದ್ದ ಅಳಿಯ ಸುಮ್ಮನಾದ. ಹೊಸ ಸೂಟಿನ ಮೊದಲ ಜಿಗಿತಗಳಿಗೆ ಕ್ಯಾಮೆರಾ ಒಯ್ಯುವುದಿಲ್ಲ, ಒಬ್ಬನೇ ಬಿದ್ದು ಹಿಡಿಗಳನ್ನು ಮುಟ್ಟಿ ನೋಡುತ್ತೇನೆ ಎಂದು ನನಗೆ ಮಾತು ಕೊಟ್ಟ. ಕೂಲಿ ಎಷ್ಟೆಂದು ಕೇಳಿದರೆ ಮಾಸ್ಟರ್ ಬಾಯ್ಲರ್ ಸೂಟಿನ ರೇಟು ಹೇಳಿ, ರೆಕ್ಕೆಗೆ ಬ್ಲೌಸಿನ ರೇಟು ಕೂಡಿಸಿದರು. ಅಲ್ಲಿ ಹೊಸದೊಂದಕ್ಕೆ ಹಲವು ನೂರು ಡಾಲರ್ ಎಂದು ತಿಳಿದ ಮೇಲೆ ಎರಡನ್ನೂ ಏರಿಸಿದರು, ಅದು ನ್ಯಾಯವೇ.

ಸ್ವಲ್ಪ ದಿನಗಳ ನಂತರ ಅಳಿಯ ವಿಡಿಯೊ ಕಳಿಸಿದ. ನಾಲ್ಕು ಹೆಲ್ಮೆಟ್ಟು, ನಾಲ್ಕು ಬೆನ್ನು, ಕೆಳಗೆ ಅರಿಜೋನಾದ ಒಣ ಹೊಲಗಳು. ಚೌಕಟ್ಟು ಅಲುಗದೆ ನಿಂತಿದೆ, ಒಂದು ಕಡೆ ಮಾತ್ರ ಸ್ವಲ್ಪ ಎಡಕ್ಕೆ ಸರಿಯುತ್ತದೆ. ಬಲ ರೆಕ್ಕೆ ಒಂದು ಬೆರಳು ಹೆಚ್ಚು ಅಗಲ ಬಂದಿದೆ, ಮುಂದಿನ ಸಲ ಬಂದಾಗ ತಂದು ಸರಿ ಮಾಡಿಸುತ್ತೇನೆ ಎಂದು ಕೆಳಗೆ ಬರೆದಿದ್ದ. ಮಾಸ್ಟರಿಗೆ ಫೋನ್ ಹಚ್ಚಿ ಹೇಳಿದೆ.

"ನಿಮ್ಮ ಮನಿ ಮಾಪ ಅಲ್ಲೇನ್ರೀ, ಬಲಗಡಿ ಜಾಸ್ತಿ ಬಿಡೂದು ಕೈಗೆ ರೂಢಿ ಆಗ್ಯದ" ಎಂದರು. "ತರಲಿ, ಬಿಚ್ಚಿ ಹೊಲದು ಕೊಡ್ತೀನಿ. ಬಿಚ್ಚೂದಕ್ಕ ರೊಕ್ಕ ಬ್ಯಾರೆ."